ಮಾವಿನ ಮಾರ್ಗರೀಟಾ ಹದವಾಗಿ ಮಾಡುವುದು ಹೇಗೆ

ಮಾವಿನ ಹಣ್ಣಿನ ಮಾರ್ಗರೀಟಾ ಎಂಬ ಕಾಕ್‌ಟೇಲ್ ಕೆಡುವುದು ಬಹುತೇಕ ಅದರಲ್ಲಿರುವ ಮೆಕ್ಸಿಕೊದ ಮದ್ಯ ಟಕೀಲಾದಿಂದಲ್ಲ, ಹಣ್ಣಿನಿಂದ. ಚೆನ್ನಾಗಿ ಕಳಿತ ಮಾವಿನ ತಿರುಳು ಮಂದ, ಸಿಹಿ ಹೆಚ್ಚು, ಹುಳಿ ಕಡಿಮೆ, ಪರಿಮಳ ಜೋರು. ಅದನ್ನು ಸುಮ್ಮನೆ ಮದ್ಯಕ್ಕೆ ಬೆರೆಸಿದರೆ ಮಿಕ್ಕ ರುಚಿಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಮೊದಲ ಗುಟುಕಿಗೆ ಬರೀ ಸಿಹಿ, ಕೊನೆಗೆ ಗಂಟಲಲ್ಲಿ ಉರಿ, ನಡುವೆ ಏನೂ ಇಲ್ಲ. ಆ ನಡುವಿನ ಜಾಗ ತುಂಬುವುದು ನಿಂಬೆಯ ಹುಳಿ, ಚಿಟಿಕೆ ಉಪ್ಪು ಮತ್ತು ಚೆನ್ನಾಗಿ ಹಿಡಿದ ತಂಪು. ಇಲ್ಲಿ ಕೊಟ್ಟ ಅಳತೆಗಳೆಲ್ಲ ಈ ಮೂರನ್ನು ಹದಕ್ಕೆ ತರುವುದಕ್ಕಾಗಿಯೇ.

ಮೂಲ ಮಾರ್ಗರೀಟಾದ ಲೆಕ್ಕ ಸರಳ. ಇಂಟರ್‌ನ್ಯಾಷನಲ್ ಬಾರ್‌ಟೆಂಡರ್ಸ್ ಅಸೋಸಿಯೇಷನ್ ಒಪ್ಪಿದ ಅಳತೆಯಲ್ಲಿ ಟಕೀಲಾ 50 ಮಿ.ಲೀ., ಕಿತ್ತಳೆ ಲಿಕರ್ ಆದ ಟ್ರಿಪಲ್ ಸೆಕ್ 20 ಮಿ.ಲೀ., ತಾಜಾ ನಿಂಬೆರಸ 15 ಮಿ.ಲೀ. ಇವೆ. ಇದಕ್ಕೆ ಮಾವಿನ ತಿರುಳು ಸೇರಿದ ಕೂಡಲೇ ಸಿಹಿಯ ಭಾರ ಏರುತ್ತದೆ. ಹಾಗಾಗಿ ನಿಂಬೆಯನ್ನು ಹೆಚ್ಚಿಸಬೇಕು, ಲಿಕರ್ ತಗ್ಗಿಸಬೇಕು. ಹಳೆಯ ಅಳತೆಗೆ ಎರಡು ಚಮಚ ಮಾವಿನ ರಸ ಸುರಿದು ಬಿಟ್ಟರೆ ಆಗುವುದಿಲ್ಲ.

ಒಂದು ಗ್ಲಾಸಿಗೆ ಬೇಕಾದದ್ದು:

ಟಕೀಲಾ ಬ್ಲಾಂಕೊ (ಮರದ ಪೀಪಾಯಿಯಲ್ಲಿ ಮಾಗಿಸದ ಬಗೆ) – 50 ಮಿ.ಲೀ.
ಟ್ರಿಪಲ್ ಸೆಕ್ – 15 ಮಿ.ಲೀ.
ಸೋಸಿದ ಮಾವಿನ ತಿರುಳು – 60 ಗ್ರಾಂ
ನಿಂಬೆರಸ – 25 ಮಿ.ಲೀ.
ಸಕ್ಕರೆ ಪಾಕ – 10 ಮಿ.ಲೀ.
ಉಪ್ಪು – ಒಂದು ಸಣ್ಣ ಚಿಟಿಕೆ
ಗಟ್ಟಿ ಐಸ್ – ಅಲುಗಾಡಿಸಲು 6–7 ದೊಡ್ಡ ತುಂಡು, ಗ್ಲಾಸಿಗೆ ಬೇರೆ

ಸಕ್ಕರೆ ಪಾಕ ಎಂದರೆ ಸಕ್ಕರೆ ಮತ್ತು ನೀರು ತೂಕದಲ್ಲಿ ಸಮಸಮ: 100 ಗ್ರಾಂ ಸಕ್ಕರೆಗೆ 100 ಗ್ರಾಂ ನೀರು. ಸಕ್ಕರೆ ಕರಗುವಷ್ಟು ಮಾತ್ರ ಬಿಸಿ ಮಾಡಿ ಆರಿಸಿ. ಎಳೆ ಪಾಕದವರೆಗೆ ಕುದಿಸಬೇಡಿ, ತಣ್ಣಗಿನ ಪಾನೀಯದಲ್ಲಿ ಅದು ಬೆರೆಯದೆ ತಳಕ್ಕೆ ಕೂರುತ್ತದೆ. ಆರಿದ ಪಾಕ ಫ್ರಿಜ್‌ನಲ್ಲಿ ಎರಡು ವಾರ ಚೆನ್ನಾಗಿರುತ್ತದೆ.

ಅಳೆಯಲು 30–60 ಮಿ.ಲೀ. ಪೆಗ್ ಅಳತೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಡುಗೆಯ ಅಳತೆ ಚಮಚಗಳು ಸಾಕು: ದೊಡ್ಡ ಚಮಚ 15 ಮಿ.ಲೀ., ಟೀ ಚಮಚ 5 ಮಿ.ಲೀ. ಕಣ್ಣಳತೆ ಮಾತ್ರ ಬೇಡ. ಇಷ್ಟು ಚಿಕ್ಕ ಪಾನೀಯದಲ್ಲಿ ನಿಂಬೆ 10 ಮಿ.ಲೀ. ಹೆಚ್ಚುಕಡಿಮೆಯಾದರೆ ಪೂರ್ತಿ ಗ್ಲಾಸೇ ಬೇರೆಯಾಗುತ್ತದೆ. ಶೇಕರ್ ಬದಲಿಗೆ ಬಿಗಿ ಮುಚ್ಚಳದ, ಅಗಲ ಬಾಯಿಯ ಸ್ಟೀಲ್ ಬಾಟಲಿ ಬಳಸಬಹುದು. ತೆಳು ಗಾಜಿನ ಬಾಟಲಿಯಲ್ಲಿ ಐಸ್ ಹಾಕಿ ಜೋರಾಗಿ ಕುಲುಕುವುದು ಅಪಾಯ.

ಯಾವ ಮಾವು

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇದರ ಬಗ್ಗೆ. ಎಲ್ಲ ಮಾವಿಗೂ ಒಂದೇ ಅಳತೆ ಸಲ್ಲುವುದಿಲ್ಲ.

ಕುಲುಕಿ ಮಾಡುವ ಮಾರ್ಗರೀಟಾಗೆ ರಸಪೂರಿಯೇ ಮೊದಲ ಆಯ್ಕೆ. ಅದರ ರಸ ತೆಳು, ಪರಿಮಳ ತುಂಬು, ಸಿಹಿಯ ಹಿಂದೆಯೇ ಸ್ವಲ್ಪ ಹುಳಿಯೂ ಇರುತ್ತದೆ. ನಾರು ಇರುವುದರಿಂದ ಸೋಸಲೇಬೇಕು, ಆದರೆ ಸೋಸಿದ ಮೇಲೆ ಟಕೀಲಾ ಜೊತೆ ಗಂಟಿಲ್ಲದೆ ಬೆರೆಯುತ್ತದೆ. ನಮ್ಮಲ್ಲಿ ಬಾದಾಮಿ ಎಂದು ಮಾರುವ ಆಲ್ಫೋನ್ಸೊಗೆ ನಾರಿಲ್ಲ, ಬಣ್ಣ ಸುಂದರ. ಆದರೆ ತಿರುಳು ಬಹಳ ಮಂದ. 60 ಗ್ರಾಂ ಹಾಕಿದರೆ ಪಾನೀಯ ಪಾಯಸದ ಹದಕ್ಕೆ ಬರುತ್ತದೆ. ಬಾದಾಮಿಯಾದರೆ 45 ಗ್ರಾಂ ತಿರುಳಿಗೆ 15 ಮಿ.ಲೀ. ತಣ್ಣೀರು ಬೆರೆಸಿ ತೆಗೆದುಕೊಳ್ಳಿ. ಮಿಕ್ಸಿಯಲ್ಲಿ ಐಸ್ ಜೊತೆ ರುಬ್ಬುವ ಮಾರ್ಗರೀಟಾಗೆ ಮಾತ್ರ ಇದರಷ್ಟು ಒಳ್ಳೆಯ ಹಣ್ಣು ಇನ್ನೊಂದಿಲ್ಲ.

ತೋತಾಪುರಿಗೆ ಪರಿಮಳ ಕಡಿಮೆ, ಹುಳಿ ಹೆಚ್ಚು. ಒಂದನ್ನೇ ಬಳಸಿದರೆ ಸಪ್ಪೆ ಎನಿಸುತ್ತದೆ. ಬಾದಾಮಿ ಅಥವಾ ಮಲ್ಲಿಕಾ ತಿರುಳು ಎರಡು ಪಾಲು, ಅರ್ಧ ಮಾಗಿದ ತೋತಾಪುರಿ ಒಂದು ಪಾಲು ಸೇರಿಸಿದರೆ ಸಿಹಿಯೂ ಹುಳಿಯೂ ಹಣ್ಣಿನಿಂದಲೇ ಬಂದು ರುಚಿಗೆ ಆಳ ಸಿಗುತ್ತದೆ. ಮಲ್ಲಿಕಾ ಬಲು ಸಿಹಿ, ಅದಕ್ಕೆ ಪಾಕ ಬೇಡವೇ ಬೇಡ. ಬಂಗನಪಲ್ಲಿಯ ಪರಿಮಳ ಹಗುರ. ಟಕೀಲಾ ಎದ್ದು ಕಾಣಬೇಕು ಎನ್ನುವವರಿಗೆ ಅದು ಹಿಡಿಸುತ್ತದೆ. ಕರಾವಳಿ, ಮಲೆನಾಡಿನವರಿಗೆ ಕಳಿತ ಕಾಡುಮಾವು ಸಿಕ್ಕರೆ ಬಿಡಬೇಡಿ. ನಾರು, ಹುಳಿ, ಸಿಹಿ ಮೂರೂ ಇರುವ ಆ ರಸದಲ್ಲಿ ಅಂಗಡಿಯ ಹಣ್ಣಿನಲ್ಲಿಲ್ಲದ ಚುರುಕಿದೆ. ಅದಕ್ಕೆ ನಿಂಬೆ 15–20 ಮಿ.ಲೀ.ಗೆ ಇಳಿಸಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಾರ್ಚ್‌ನಿಂದ ಸುಲಭವಾಗಿ ಸಿಗುವುದು ಮೆಕ್ಸಿಕೊದಿಂದಲೇ ಬರುವ ಅತಾವುಲ್ಫೊ. ಹಳದಿ ಬಣ್ಣದ, ಚಪ್ಪಟೆ ಓಟೆಯ, ನಾರಿಲ್ಲದ ಈ ಹಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸಿಪ್ಪೆ ಸುಕ್ಕುಗಟ್ಟಲು ಶುರುವಾದಾಗ ಅದು ಸರಿಯಾಗಿ ಹಣ್ಣಾಗಿದೆ ಎಂದು ತಿಳಿಯಿರಿ. ಕೆಂಪು-ಹಸಿರು ಸಿಪ್ಪೆಯ ಟಾಮಿ ಅಟ್ಕಿನ್ಸ್ ನೋಡಲು ಚೆಂದ, ರುಚಿ ತೆಳು, ನಾರು ಬಹಳ. ಅದರ ಬದಲು ಡಬ್ಬಿಯ ತಿರುಳೇ ವಾಸಿ.

ಡಬ್ಬಿ ತಿರುಳು ಬಳಸುವಾಗ ಲೇಬಲ್ ಓದಿ. ಸಕ್ಕರೆ ಬೆರೆಸಿದ್ದಾದರೆ ಪಾಕವನ್ನು ಪೂರ್ತಿ ಬಿಟ್ಟು ನಿಂಬೆಯನ್ನು 30 ಮಿ.ಲೀ. ಮಾಡಿ. ಕುಡಿಯಲು ಸಿದ್ಧವಾಗಿ ಸಿಗುವ ಬಾಟಲಿ, ಟೆಟ್ರಾ ಪ್ಯಾಕ್ ಮಾವಿನ ಪಾನೀಯಗಳಿಗೆ ಇಲ್ಲಿ ಕೆಲಸವಿಲ್ಲ. ಅವುಗಳಲ್ಲಿ ಹಣ್ಣಿನ ಪಾಲು ಕಡಿಮೆ, ನೀರು ಸಕ್ಕರೆಯೇ ಹೆಚ್ಚು. ಐಸ್ ಜೊತೆ ಕುಲುಕಿದ ಮೇಲೆ ಹಣ್ಣಿನ ಗುರುತೇ ಉಳಿಯುವುದಿಲ್ಲ.

ತಿರುಳು ತೆಗೆಯುವುದು

ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಉಜ್ಜಿ ತೊಳೆಯಿರಿ. ತೊಟ್ಟಿನ ಬಳಿ ಒಸರುವ ಸೊನೆ ಕೆಲವರ ಚರ್ಮಕ್ಕೆ, ತುಟಿಗೆ ಉರಿ ತರುತ್ತದೆ. ತಿರುಳಿಗೆ ಸೇರಿದರೆ ಟರ್ಪೆಂಟೈನಿನಂಥ ಒಗರು ವಾಸನೆಯನ್ನೂ ಬಿಡುತ್ತದೆ. ಆದ್ದರಿಂದ ತೊಟ್ಟಿನ ಭಾಗವನ್ನು ಒಂದು ಬೆರಳಗಲ ಕತ್ತರಿಸಿ ಎಸೆದು ಆಮೇಲೆ ಸಿಪ್ಪೆ ತೆಗೆಯಿರಿ. ಸಿಪ್ಪೆಗೆ ಅಂಟಿದ ತಿರುಳನ್ನು ಚಮಚದಲ್ಲಿ ಬಲವಾಗಿ ಕೆರೆಯಬೇಡಿ, ಒಗರು ಇರುವುದು ಅಲ್ಲೇ.

250 ಗ್ರಾಂ ತೂಗುವ ಹಣ್ಣಿನಿಂದ ಸುಮಾರು 150 ಗ್ರಾಂ ತಿರುಳು ಸಿಗುತ್ತದೆ. ಎಂದರೆ ಎರಡು ಗ್ಲಾಸಿಗೆ ಒಂದು ಹಣ್ಣು ಸಾಕು, ಸ್ವಲ್ಪ ಮಿಗುತ್ತದೆ. ಹೋಳುಗಳನ್ನು ಮಿಕ್ಸಿಯಲ್ಲಿ ಸಣ್ಣ ವೇಗದಲ್ಲಿ ಹತ್ತು ಸೆಕೆಂಡು ತಿರುಗಿಸಿ. ಹೆಚ್ಚು ಹೊತ್ತು ತಿರುಗಿಸಿದರೆ ಗಾಳಿ ಸೇರಿ ನೊರೆಯಾಗುತ್ತದೆ, ಬಣ್ಣ ಮಾಸುತ್ತದೆ. ನಂತರ ಹಿಟ್ಟು ಜರಡಿಯಂಥ ಸಣ್ಣ ಜಾಲರಿಯಲ್ಲಿ ಸೌಟಿನ ಹಿಂಬದಿಯಿಂದ ಒತ್ತಿ ಸೋಸಿ.

ಸೋಸುವುದನ್ನು ಈಗಲೇ ಮುಗಿಸಬೇಕು ಎಂಬುದಕ್ಕೆ ಕಾರಣವಿದೆ. ಕುಲುಕಿದ ಮೇಲೆ ಟೀ ಜಾಲರಿಯಲ್ಲಿ ಸೋಸಲು ಹೊರಟರೆ ತಿರುಳು ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಅದು ತೊಟ್ಟಿಕ್ಕುತ್ತಾ ಕೂರುವಷ್ಟರಲ್ಲಿ ತಂಪು ಹೋಗಿರುತ್ತದೆ.

ಸೋಸಿದ ತಿರುಳನ್ನು ಫ್ರಿಜ್‌ನಲ್ಲಿ ಕನಿಷ್ಠ ಎರಡು ಗಂಟೆ ಇಡಿ. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಏಪ್ರಿಲ್ ಮಧ್ಯಾಹ್ನ ಅಡುಗೆಮನೆಯಲ್ಲಿ 32 ಡಿಗ್ರಿ ಇರುವ 60 ಗ್ರಾಂ ತಿರುಳನ್ನು ನೇರವಾಗಿ ಶೇಕರ್‌ಗೆ ಹಾಕಿದರೆ, 5 ಡಿಗ್ರಿಯ ತಿರುಳಿಗೆ ಹೋಲಿಸಿ ಸುಮಾರು 18 ಗ್ರಾಂ ಐಸ್ ಹೆಚ್ಚಾಗಿ ಕರಗುತ್ತದೆ. ಅಷ್ಟೂ ನೀರಾಗಿ ನಿಮ್ಮ ಗ್ಲಾಸಿಗೇ ಬರುತ್ತದೆ. ನೀರುನೀರಾಯಿತು ಎಂಬ ದೂರಿನ ಮೂಲ ಅನೇಕ ಸಲ ಇದೇ.

ನಿಂಬೆ

ಈ ವಿಷಯದಲ್ಲಿ ನಮ್ಮ ಅಡುಗೆಮನೆ ಮೊದಲೇ ಸಿದ್ಧವಾಗಿದೆ. ನಾವು ದಿನವೂ ಬಳಸುವ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯೂ ಮೆಕ್ಸಿಕೊದಲ್ಲಿ ಊಟಕ್ಕೆ, ಟಕೀಲಾಗೆ ಹಿಂಡುವ ಪುಟ್ಟ ನಿಂಬೆಯೂ ಒಂದೇ ಜಾತಿಯವು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಸಿಕ್ಕರಂತೂ ಹುಳಿ, ಪರಿಮಳ ಎರಡಕ್ಕೂ ಕೊರತೆಯಿಲ್ಲ. ವಿದೇಶದ ಅಂಗಡಿಗಳ ದಪ್ಪ ಸಿಪ್ಪೆಯ, ಬೀಜವಿಲ್ಲದ ಹಸಿರು ನಿಂಬೆಯೂ ಆಗುತ್ತದೆ, ಪರಿಮಳ ಸ್ವಲ್ಪ ಬೇರೆ. ಹಳದಿ ಲೆಮನ್ ಮಾತ್ರ ಬೇಡ, ಮಾವಿನ ಜೊತೆ ಅದು ಸಪ್ಪೆಯಾಗುತ್ತದೆ.

ಒಂದು ನಿಂಬೆಗೆ 15ರಿಂದ 20 ಮಿ.ಲೀ. ರಸ ಬರುತ್ತದೆ. ಬೇಸಿಗೆಯಲ್ಲಿ ಹಣ್ಣು ಒಣಗಿ ರಸ ಕಡಿಮೆ ಇರಬಹುದು, ಗ್ಲಾಸಿಗೆ ಎರಡರಂತೆ ಲೆಕ್ಕವಿಡಿ. ಹಿಂಡುವ ಮೊದಲು ಅಂಗೈಯಡಿ ಒತ್ತಿ ಉರುಳಿಸಿ. ಬೀಜ ತೆಗೆದೇ ಅಳೆಯಿರಿ. ಒಂದೇ ಒಂದು ನಿಂಬೆ ಬೀಜ ಮಿಕ್ಸಿಯಲ್ಲಿ ಅರೆದುಹೋದರೂ ಇಡೀ ಜಾರು ಕಹಿಯಾಗುತ್ತದೆ, ಅದಕ್ಕೆ ಪರಿಹಾರವಿಲ್ಲ. ಸಿಪ್ಪೆಯ ಒಳಗಿನ ಬಿಳಿ ಭಾಗ ನಜ್ಜಾಗುವಷ್ಟು ಹಿಂಡಬೇಡಿ. ರಸವನ್ನು ಅಂದೇ ಬಳಸಿ. ರಾತ್ರಿ ಕಳೆದ ನಿಂಬೆರಸಕ್ಕೆ ಹುಳಿ ಉಳಿದಿರುತ್ತದೆ, ತಾಜಾತನ ಹೋಗಿ ಕಹಿ ಇಣುಕುತ್ತದೆ.

ಟಕೀಲಾ ಆರಿಸುವಾಗ

ಟಕೀಲಾ ಎಂಬ ಹೆಸರು ಮೆಕ್ಸಿಕೊದ ಗೊತ್ತುಪಡಿಸಿದ ಪ್ರದೇಶಗಳಿಗೆ ಮೀಸಲು: ಹಾಲಿಸ್ಕೊ ರಾಜ್ಯ ಮತ್ತು ಗ್ವಾನಾಹ್ವಾತೊ, ಮಿಚೊಆಕಾನ್, ನಾಯರೀತ್, ತಮಾವುಲೀಪಾಸ್ ರಾಜ್ಯಗಳ ಕೆಲವು ಭಾಗ. 1974ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಕತ್ತಾಳೆಯ ಬಳಗದ್ದೇ ಆದ ನೀಲಿ ಅಗಾವೆ ಎಂಬ ಗಿಡದ ದಪ್ಪ ಬುಡವನ್ನು ಬೇಯಿಸಿ, ರಸ ತೆಗೆದು, ಹುದುಗಿಸಿ ಇದನ್ನು ಬಟ್ಟಿ ಇಳಿಸುತ್ತಾರೆ. ಬೆಂದ ಅಗಾವೆಯ ಸಿಹಿ, ಕರಿಮೆಣಸಿನಂಥ ಚುರುಕು, ಹಸಿ ಹುಲ್ಲಿನ ಛಾಯೆ ಅದರ ಗುಣ. ಮಾವಿಗೆ ಒಪ್ಪುವುದು ಈ ಹಸಿರು ಚುರುಕೇ.

ಬಾಟಲಿಯ ಮೇಲೆ '100% ಅಗಾವೆ' ಎಂದಿದೆಯೇ ನೋಡಿ. ಇಲ್ಲದಿದ್ದರೆ ಅದು ಕನಿಷ್ಠ 51 ಪಾಲು ಅಗಾವೆ ಸಕ್ಕರೆ, ಮಿಕ್ಕದ್ದು ಬೇರೆ ಸಕ್ಕರೆಯಿಂದ ಮಾಡಿದ ಮಿಶ್ರ ಟಕೀಲಾ. 'ಗೋಲ್ಡ್' ಎಂದು ಬರೆದ ಅಗ್ಗದ ಬಾಟಲಿಗಳು ಹೆಚ್ಚಾಗಿ ಈ ಗುಂಪಿನವು, ಆ ಬಂಗಾರದ ಬಣ್ಣ ಕ್ಯಾರಮೆಲ್‌ನಿಂದ ಬಂದಿರಬಹುದು. ಅಸಲಿ ಟಕೀಲಾ ಬಾಟಲಿಯಲ್ಲಿ ನೋಮ್ (NOM) ಎಂಬ ಅಕ್ಷರಗಳ ಜೊತೆ ಡಿಸ್ಟಿಲರಿಯನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆ ಇರುತ್ತದೆ.

ಬ್ಲಾಂಕೊ ಎಂದರೆ ಮರದಲ್ಲಿ ಇಡದ ಅಥವಾ ಎರಡು ತಿಂಗಳೊಳಗೆ ಹೊರತೆಗೆದ ಟಕೀಲಾ. ಈ ಪಾನೀಯಕ್ಕೆ ಅದೇ ಸರಿ. ಓಕ್ ಪೀಪಾಯಿಯಲ್ಲಿ ಎರಡು ತಿಂಗಳಿಂದ ಒಂದು ವರ್ಷದೊಳಗೆ ಮಾಗಿದ ರೆಪೊಸಾಡೊದಲ್ಲಿ ವೆನಿಲಾದ ಛಾಯೆ ಬಂದಿರುತ್ತದೆ. ಬಾದಾಮಿ ಹಣ್ಣಿನ ಜೊತೆ ಅದೂ ಚೆನ್ನ, ಆದರೆ ಪಾಕವನ್ನು 5 ಮಿ.ಲೀ.ಗೆ ಇಳಿಸಿ. ಒಂದು ವರ್ಷಕ್ಕೂ ಹೆಚ್ಚು ಮಾಗಿದ ಅನ್ಯೇಹೊವನ್ನು ಮಾವಿಗೆ ಸುರಿಯುವುದು ದುಂದು. ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದ ಭಾರತದಲ್ಲೇ ತಯಾರಾಗುವ ಅಗಾವೆ ಮದ್ಯಗಳನ್ನು ಟಕೀಲಾ ಎಂದು ಮಾರುವಂತಿಲ್ಲ, ಆದರೆ ಈ ಅಳತೆಯಲ್ಲಿ ಧಾರಾಳವಾಗಿ ಬಳಸಬಹುದು.

ಟ್ರಿಪಲ್ ಸೆಕ್ ಸಿಗದಿದ್ದರೆ ಅಥವಾ ದುಬಾರಿ ಎನಿಸಿದರೆ ಕಿತ್ತಳೆ ಸಿಪ್ಪೆಯ ಪಾಕ ಮಾಡಿಕೊಳ್ಳಿ. ಎರಡು ಕಿತ್ತಳೆಯ ಸಿಪ್ಪೆಯನ್ನು, ಬಿಳಿ ಭಾಗ ಬಾರದಂತೆ, ತೆಳ್ಳಗೆ ಹೆರೆದು 100 ಗ್ರಾಂ ಸಕ್ಕರೆಯೊಂದಿಗೆ ಕೈಯಿಂದ ಚೆನ್ನಾಗಿ ಹಿಸುಕಿ ನಾಲ್ಕೈದು ಗಂಟೆ ಮುಚ್ಚಿಡಿ. ಸಿಪ್ಪೆಯ ಎಣ್ಣೆಯನ್ನು ಸಕ್ಕರೆ ಹೀರಿಕೊಳ್ಳುತ್ತದೆ. 100 ಮಿ.ಲೀ. ಬಿಸಿನೀರು ಹಾಕಿ ಕರಗಿಸಿ ಸೋಸಿ. ಟ್ರಿಪಲ್ ಸೆಕ್ ಮತ್ತು ಸಾದಾ ಪಾಕ ಎರಡರ ಬದಲಿಗೂ ಇದನ್ನು 15–20 ಮಿ.ಲೀ. ಹಾಕಿ, ಟಕೀಲಾವನ್ನು 60 ಮಿ.ಲೀ. ಮಾಡಿ. ಕಿತ್ತಳೆಯೇ ಇಲ್ಲದ ಮಾರ್ಗರೀಟಾಗೂ ಹೆಸರಿದೆ: ಸ್ಯಾನ್ ಫ್ರಾನ್ಸಿಸ್ಕೊದ ಟಾಮೀಸ್ ಮೆಕ್ಸಿಕನ್ ರೆಸ್ಟೋರೆಂಟ್‌ನಲ್ಲಿ ಹುಲಿಯೊ ಬರ್ಮೆಹೊ ರೂಢಿಗೆ ತಂದದ್ದು ಟಕೀಲಾ, ನಿಂಬೆ, ಅಗಾವೆ ಪಾಕ ಇಷ್ಟರದ್ದೇ. ಅಗಾವೆ ಪಾಕ ಸಕ್ಕರೆಗಿಂತ ಸಿಹಿ, ಆದ್ದರಿಂದ 10 ಮಿ.ಲೀ. ಮೀರಬೇಡಿ. ಬೆಲ್ಲದ ಪಾಕ ರೆಪೊಸಾಡೊಗೆ ಒಪ್ಪಬಹುದು, ಬ್ಲಾಂಕೊ ಜೊತೆ ಬೆಲ್ಲದ್ದೇ ರುಚಿಯಾಗಿಬಿಡುತ್ತದೆ.

ಗ್ಲಾಸಿನ ಅಂಚಿಗೆ ಖಾರದುಪ್ಪು

ಮೆಕ್ಸಿಕೊದ ಬೀದಿಯಲ್ಲಿ ಮಾವಿನ ಹೋಳಿಗೆ ನಿಂಬೆ, ಉಪ್ಪು, ಮೆಣಸಿನಪುಡಿ ಉದುರಿಸಿ ಕೊಡುತ್ತಾರೆ. ನಮ್ಮ ಬಸ್ ನಿಲ್ದಾಣಗಳಲ್ಲಿ ತೋತಾಪುರಿ ಕಾಯಿಗೆ ಮಾಡುವುದೂ ಅದನ್ನೇ. ಆ ಜೋಡಿ ಗ್ಲಾಸಿನ ಅಂಚಿನಲ್ಲಿದ್ದರೆ ಪ್ರತಿ ಗುಟುಕಿಗೂ ಮಾವಿನ ಸಿಹಿ ಹೊಸದಾಗಿ ಕಾಣುತ್ತದೆ.

ಕಲ್ಲುಪ್ಪು 2 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಪುಡಿ 1 ದೊಡ್ಡ ಚಮಚ, ಸಕ್ಕರೆ 1 ಟೀ ಚಮಚ, ಒಂದು ನಿಂಬೆಯ ಹಸಿರು ಸಿಪ್ಪೆಯ ತುರಿ. ತುರಿಯನ್ನು ತಟ್ಟೆಯಲ್ಲಿ ಹರಡಿ ಒಂದು ಗಂಟೆ ಆರಿಸಿ. ಕಲ್ಲುಪ್ಪನ್ನು ಕುಟ್ಟಾಣಿಯಲ್ಲಿ ರವೆಯಷ್ಟು ದಪ್ಪಕ್ಕೆ ಕುಟ್ಟಿ, ಎಲ್ಲವನ್ನೂ ಬೆರೆಸಿ. ಪುಡಿ ಉಪ್ಪು ಬೇಡ. ಅದು ಒತ್ತಾಗಿ ಅಂಟಿಕೊಂಡು ಮೊದಲ ಗುಟುಕನ್ನೇ ಉಪ್ಪಾಗಿಸುತ್ತದೆ. ಬ್ಯಾಡಗಿ ಹೇಳಿದ್ದು ಅದರ ಬಣ್ಣ ಗಾಢ, ಖಾರ ಮೆದು ಎಂಬ ಕಾರಣಕ್ಕೆ. ಗುಂಟೂರು ಪುಡಿಯಾದರೆ ಕಾಲು ಭಾಗ ಸಾಕು.

ಹಿಂಡಿದ ನಿಂಬೆ ಹೋಳಿನಿಂದ ಗ್ಲಾಸಿನ ಅಂಚಿನ ಹೊರಮೈಯನ್ನು ಮಾತ್ರ, ಅದೂ ಅರ್ಧ ಸುತ್ತು ಒದ್ದೆ ಮಾಡಿ. ತಟ್ಟೆಯಲ್ಲಿ ಹರಡಿದ ಖಾರದುಪ್ಪಿನ ಮೇಲೆ ಹೊರಮೈಯನ್ನು ಓರೆಯಾಗಿ ಉರುಳಿಸಿ. ಗ್ಲಾಸನ್ನು ಬೋರಲು ಹಾಕಿ ಒತ್ತಿದರೆ ಒಳಗಡೆಯೂ ಅಂಟಿ, ಉಪ್ಪು ಪಾನೀಯಕ್ಕೆ ಉದುರುತ್ತದೆ. ಅರ್ಧ ಸುತ್ತು ಬಿಟ್ಟರೆ ಬೇಕಾದವರು ಉಪ್ಪಿನ ಕಡೆಯಿಂದ, ಬೇಡದವರು ಇನ್ನೊಂದು ಕಡೆಯಿಂದ ಕುಡಿಯಬಹುದು. ಆಮೇಲೆ ಗ್ಲಾಸನ್ನು ಹದಿನೈದು ನಿಮಿಷ ಫ್ರೀಜರ್‌ನಲ್ಲಿಡಿ, ಉಪ್ಪು ಒಣಗಿ ಗಟ್ಟಿಯಾಗಿ ಹಿಡಿಯುತ್ತದೆ.

ಕುಲುಕುವುದು

1. ಶೇಕರ್‌ಗೆ ಮೊದಲು ಮಾವಿನ ತಿರುಳು, ನಿಂಬೆರಸ, ಪಾಕ, ಉಪ್ಪು ಹಾಕಿ ಚಮಚದಲ್ಲಿ ಕಲಸಿ. ಮಂದ ತಿರುಳು ಐಸ್‌ನ ಅಡಿಗೆ ಸಿಕ್ಕಿದರೆ ತಳಕ್ಕೆ ಅಂಟಿಕೊಂಡೇ ಉಳಿಯುತ್ತದೆ, ಅದಕ್ಕೇ ಈ ಕ್ರಮ.

2. ಈಗ ರುಚಿ ನೋಡಿ, ಮದ್ಯ ಹಾಕುವ ಮೊದಲು. ನಾಲಿಗೆಗೆ ಸ್ವಲ್ಪ ಹೆಚ್ಚೇ ಹುಳಿ ಎನಿಸಬೇಕು. ಟ್ರಿಪಲ್ ಸೆಕ್‌ನ ಸಿಹಿ ಇನ್ನೂ ಸೇರಲಿಕ್ಕಿದೆ. ಸಿಹಿಯೇ ಮುಂದಿದ್ದರೆ 5 ಮಿ.ಲೀ. ನಿಂಬೆ ಸೇರಿಸಿ. ಹಲ್ಲು ಜುಮ್ಮೆನ್ನುವಷ್ಟು ಹುಳಿಯಿದ್ದರೆ 5 ಮಿ.ಲೀ. ಪಾಕ.

3. ಟಕೀಲಾ, ಟ್ರಿಪಲ್ ಸೆಕ್ ಸುರಿದು, ಶೇಕರ್ ಮುಕ್ಕಾಲು ತುಂಬುವಷ್ಟು ಐಸ್ ಹಾಕಿ. ಐಸ್ ಫ್ರೀಜರ್‌ನಿಂದ ನೇರ ಬಂದ ಒಣ ಗಟ್ಟಿ ತುಂಡುಗಳಾಗಿರಬೇಕು. ಮೇಜಿನ ಮೇಲೆ ಕೂತು ಬೆವರಿದ ಐಸ್‌ನ ಮೈಮೇಲಿನ ನೀರೆಲ್ಲ ಪಾನೀಯಕ್ಕೆ ಸೇರುತ್ತದೆ.

4. ಮುಚ್ಚಳ ಬಿಗಿದು 15 ಸೆಕೆಂಡು ಜೋರಾಗಿ, ಐಸ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಡೆಯುವಂತೆ ಕುಲುಕಿ. ಸ್ಟೀಲಿನ ಹೊರಗೆ ಮಂಜು ಕಟ್ಟಿ ಕೈಗೆ ಹಿಡಿಯಲಾಗದಷ್ಟು ತಣ್ಣಗಾದರೆ ಆಯಿತು. ಈ ಹೊತ್ತಿಗೆ ಸುಮಾರು 40 ಮಿ.ಲೀ. ನೀರು ಸೇರಿರುತ್ತದೆ. ಆ ನೀರು ಬೇಕೇ ಬೇಕು. ಅದಿಲ್ಲದಿದ್ದರೆ ಟಕೀಲಾ ಗಂಟಲು ಸುಡುತ್ತದೆ, ತಿರುಳು ಬಾಯಿಗೆ ಅಂಟುತ್ತದೆ.

5. ಗ್ಲಾಸಿಗೆ ಹೊಸ ಐಸ್ ಹಾಕಿ, ದೊಡ್ಡ ಕಣ್ಣಿನ ಜಾಲರಿಯ ಮೂಲಕ ಸುರಿಯಿರಿ. ಶೇಕರ್‌ನ ಹಳೆಯ ಐಸ್ ಗ್ಲಾಸಿಗೆ ಬೇಡ, ಅದು ಅರ್ಧ ಕರಗಿ ಒಡೆದಿರುತ್ತದೆ. ಮೇಲಿನ ನೊರೆ ಅರ್ಧ ನಿಮಿಷದಲ್ಲಿ ತಾನೇ ಇಳಿಯುತ್ತದೆ.

ಸೋಡಾ ಇಷ್ಟಪಡುವವರು ಗ್ಲಾಸಿಗೆ ಸುರಿದ ಮೇಲೆ 30 ಮಿ.ಲೀ. ಸೇರಿಸಿಕೊಳ್ಳಲಿ. ಸೋಡಾವನ್ನು ಶೇಕರ್ ಒಳಗೆ ಹಾಕಿ ಕುಲುಕಿದರೆ ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ಮಿಕ್ಸಿಯಲ್ಲಿ ಹಿಮದಂತೆ

1971ರಲ್ಲಿ ಡಲ್ಲಾಸ್‌ನ ಮರಿಯಾನೊ ಮಾರ್ಟಿನೆಜ್ ಸಾಫ್ಟ್ ಐಸ್‌ಕ್ರೀಮ್ ಯಂತ್ರವನ್ನು ಮಾರ್ಪಡಿಸಿ ಹಿಮದಂಥ ಮಾರ್ಗರೀಟಾ ಹೊರಬರುವಂತೆ ಮಾಡಿದರು. ಆ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಮನೆಯ ಮಿಕ್ಸಿಯಲ್ಲೂ ಅದು ಬರುತ್ತದೆ, ಆದರೆ ಎಲ್ಲವೂ ಮೊದಲೇ ತಣ್ಣಗಿರಬೇಕು.

ಇಬ್ಬರಿಗೆ: ಟಕೀಲಾ 90 ಮಿ.ಲೀ., ಟ್ರಿಪಲ್ ಸೆಕ್ 30 ಮಿ.ಲೀ., ಗಟ್ಟಿ ಹೆಪ್ಪುಗಟ್ಟಿಸಿದ ಮಾವಿನ ಹೋಳು 200 ಗ್ರಾಂ, ನಿಂಬೆರಸ 60 ಮಿ.ಲೀ., ಪಾಕ 40 ಮಿ.ಲೀ., ಐಸ್ 150 ಗ್ರಾಂ, ಉಪ್ಪು ಚಿಟಿಕೆ.

ಇಲ್ಲಿ ಪಾಕ ಹೆಚ್ಚಿರುವುದನ್ನು ಗಮನಿಸಿ. ಬಹಳ ತಣ್ಣಗಿನ ಪದಾರ್ಥದ ಸಿಹಿ ನಾಲಿಗೆಗೆ ಮಂಕಾಗುತ್ತದೆ. ಮೇಲಾಗಿ ಹಿಮ ಕಲ್ಲಾಗದೆ ಮೃದುವಾಗಿ ಉಳಿಯಲು ಸಕ್ಕರೆ ಬೇಕು. ಮಾವಿನ ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಮಿಕ್ಸಿಯ ಸ್ಟೀಲ್ ಜಾರನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಟಕೀಲಾ ಬಾಟಲಿ ಫ್ರೀಜರ್‌ನಲ್ಲೇ ಇರಲಿ. 38–40 ಶೇಕಡಾ ಮದ್ಯಸಾರವಿರುವ ಟಕೀಲಾ ಮನೆಯ ಫ್ರೀಜರ್‌ನಲ್ಲಿ ಹೆಪ್ಪುಗಟ್ಟುವುದಿಲ್ಲ.

ಜಾರಿಗೆ ಮೊದಲು ದ್ರವಗಳು, ಮೇಲೆ ಮಾವು, ಕೊನೆಗೆ ಐಸ್. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಒಡೆದು ಹಾಕಿ. ಇಡೀ ತುಂಡು ಹಾಕಿದರೆ ಸಾಮಾನ್ಯ ಮಿಕ್ಸಿಯ ಬ್ಲೇಡಿಗೆ ಪೆಟ್ಟು. ಒಂದೆರಡು ಸೆಕೆಂಡಿನಂತೆ ಬಿಟ್ಟುಬಿಟ್ಟು ಎಂಟು ಹತ್ತು ಸಲ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಮೋಟಾರಿನ ಬಿಸಿಗೂ ಬ್ಲೇಡಿನ ತಿಕ್ಕಾಟಕ್ಕೂ ಹಿಮ ಕರಗುತ್ತದೆ. ಬ್ಲೇಡ್ ತಿರುಗುತ್ತಿದ್ದರೂ ಮೇಲಿನದು ಅಲುಗದಿದ್ದರೆ ನಡುವೆ ಗಾಳಿಯ ಗುಳಿ ಬಿದ್ದಿದೆ ಎಂದರ್ಥ. ಮಿಕ್ಸಿ ನಿಲ್ಲಿಸಿ, ಚಮಚದಲ್ಲಿ ಕೆದಕಿ, ಒಂದು ಚಮಚ ತಣ್ಣೀರು ಹಾಕಿ ಮತ್ತೆ ತಿರುಗಿಸಿ. ತೆಳ್ಳಗಾದರೆ ಜಾರನ್ನೇ ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು ಇನ್ನೊಮ್ಮೆ ತಿರುಗಿಸಿ. ಗಟ್ಟಿಯಾಗಲಿ ಎಂದು ಐಸ್ ಸುರಿಯುತ್ತಾ ಹೋದರೆ ರುಚಿ ಹೋಗುತ್ತದೆ, ಕಿಕ್ ಹೆಚ್ಚಲಿ ಎಂದು ಟಕೀಲಾ ಸುರಿದರೆ ಹಿಮ ನಿಲ್ಲುವುದೇ ಇಲ್ಲ.

ಎಂಟು ಜನರಿಗೆ ಒಟ್ಟಿಗೆ

ಅತಿಥಿಗಳಿದ್ದಾಗ ಒಂದೊಂದೇ ಕುಲುಕುತ್ತಾ ನಿಲ್ಲಬೇಕಿಲ್ಲ. ಟಕೀಲಾ 400 ಮಿ.ಲೀ., ಟ್ರಿಪಲ್ ಸೆಕ್ 120 ಮಿ.ಲೀ., ತಿರುಳು 480 ಗ್ರಾಂ, ಪಾಕ 80 ಮಿ.ಲೀ., ಉಪ್ಪು ಕಾಲು ಟೀ ಚಮಚ ಬೆರೆಸಿ ಬೆಳಿಗ್ಗೆಯೇ ಫ್ರಿಜ್‌ನಲ್ಲಿಡಿ. ಬಡಿಸುವ ಒಂದೆರಡು ಗಂಟೆ ಮೊದಲು 200 ಮಿ.ಲೀ. ನಿಂಬೆರಸ ಮತ್ತು 300 ಮಿ.ಲೀ. ತಣ್ಣೀರು ಸೇರಿಸಿ. ಕುಲುಕುವಾಗ ಐಸ್‌ನಿಂದ ಬರಬೇಕಿದ್ದ ನೀರಿನ ಬದಲು ಇದು. ತಿರುಳು ತಳಕ್ಕಿಳಿಯುತ್ತದೆ, ಪ್ರತಿ ಸಲ ಸುರಿಯುವ ಮೊದಲು ಕದಡಿ. ಜಗ್ಗಿನೊಳಗೆ ಐಸ್ ಹಾಕಬೇಡಿ, ಗ್ಲಾಸಿಗೆ ಹಾಕಿ.

ಹಸಿಮೆಣಸಿನ ಖಾರ ಬೇಕಿದ್ದರೆ 200 ಮಿ.ಲೀ. ಟಕೀಲಾಗೆ ಒಂದು ಸೀಳಿದ ಮೆಣಸಿನಕಾಯಿ ಹಾಕಿ ಐದೈದು ನಿಮಿಷಕ್ಕೊಮ್ಮೆ ರುಚಿ ನೋಡಿ, ಹದಿನೈದು ಇಪ್ಪತ್ತು ನಿಮಿಷದೊಳಗೆ ತೆಗೆಯಿರಿ. ಖಾರದ ಅಂಶ ಮದ್ಯದಲ್ಲಿ ಬೇಗ ಇಳಿಯುತ್ತದೆ, ರಾತ್ರಿಯಿಡೀ ಬಿಟ್ಟರೆ ಕುಡಿಯಲಾಗದು.

ಕೆಟ್ಟಾಗ

ಗ್ಲಾಸಿಗೆ ಸುರಿದ ಮೇಲೂ ಸರಿಪಡಿಸಲು ಸ್ವಲ್ಪ ಅವಕಾಶವಿದೆ. ಸಿಹಿ ಅತಿಯಾಗಿದ್ದರೆ ನೀರು ಸೇರಿಸಬೇಡಿ, ಸಪ್ಪೆ ಸಿಹಿಯಾಗುತ್ತದೆ. ನಿಂಬೆ ಒಂದು ಟೀ ಚಮಚ, ಉಪ್ಪು ನಾಲ್ಕು ಹರಳು ಸಾಕು. ಎಲ್ಲವೂ ಸರಿಯಿದ್ದೂ ರುಚಿ ಚಪ್ಪಟೆ ಎನಿಸಿದರೆ ಬೇಕಿರುವುದು ಬಹುಶಃ ಉಪ್ಪು. ಅದು ಕಹಿಯನ್ನು ತಗ್ಗಿಸಿ ಹಣ್ಣಿನ ರುಚಿಯನ್ನು ಮುಂದೆ ತರುತ್ತದೆ. ಗಂಟಲು ಸುಟ್ಟರೆ ಕುಲುಕಿದ್ದು ಸಾಲದು, ಇನ್ನೈದು ಸೆಕೆಂಡು ಕುಲುಕಿ. ಕಹಿಯಿದ್ದರೆ ಬೀಜವೋ ಸಿಪ್ಪೆಯ ಬಿಳಿ ಭಾಗವೋ ಸೇರಿದೆ, ಅದನ್ನು ಬದಿಗಿಟ್ಟು ಹೊಸದಾಗಿ ಮಾಡುವುದೇ ದಾರಿ. ಒಂದು ಬಗೆಯ ಹಳಸಲು ವಾಸನೆ ಬಂದರೆ ಐಸ್ ನೋಡಿ. ದೋಸೆ ಹಿಟ್ಟು, ಮೀನು, ಈರುಳ್ಳಿ ಇಟ್ಟ ಫ್ರಿಜ್‌ನ ವಾಸನೆಯನ್ನು ತೆರೆದಿಟ್ಟ ಐಸ್ ಹೀರಿಕೊಳ್ಳುತ್ತದೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿ ಒಡೆದುಕೊಂಡರೆ ಆ ತೊಂದರೆ ಇಲ್ಲ, ದೊಡ್ಡ ತುಂಡು ನಿಧಾನಕ್ಕೆ ಕರಗುತ್ತದೆ ಕೂಡ.

ಇದೇ ಅಳತೆಯಲ್ಲಿ ಕಲ್ಲಂಗಡಿ ಮಾಡುವವರು ಒಂದು ಬದಲಾವಣೆ ನೆನಪಿಡಿ. ಕಲ್ಲಂಗಡಿಯ ಕಷ್ಟ ಮಾವಿನದಕ್ಕೆ ತದ್ವಿರುದ್ಧ, ಅದು ಬರೀ ನೀರು. ಸೋಸಿದ ರಸವನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಐಸ್‌ನ ಬದಲಿಗೆ ಅದನ್ನೇ ಹಾಕಿ ಕುಲುಕಿ. ನಿಂಬೆ 20 ಮಿ.ಲೀ. ಸಾಕು. ಅನಾನಸ್ ರಸ ಕುಲುಕಿದಾಗ ವಿಪರೀತ ನೊರೆ ಬರುತ್ತದೆ, ಶೇಕರ್‌ನಲ್ಲಿ ಅರ್ಧ ಜಾಗ ಖಾಲಿ ಬಿಡಿ.

ಕುಲುಕಿದ ಒಂದು ಗ್ಲಾಸಿನಲ್ಲಿ ಸುಮಾರು 200 ಮಿ.ಲೀ. ಪಾನೀಯ, ಅದರಲ್ಲಿ 13 ಶೇಕಡಾದಷ್ಟು ಮದ್ಯಸಾರ ಇರುತ್ತದೆ. 30 ಮಿ.ಲೀ.ನ ಎರಡು ಪೆಗ್‌ಗಿಂತ ಸ್ವಲ್ಪ ಹೆಚ್ಚೇ ಮದ್ಯ ಅದು. ಮಾವಿನ ಸಿಹಿಯಲ್ಲಿ ಅದು ಗೊತ್ತಾಗುವುದಿಲ್ಲ, ಬಿಸಿಲಿನಲ್ಲಿ ಬಾಯಾರಿಕೆಗೆಂದು ಕುಡಿದರೆ ಬೇಗ ಏರುತ್ತದೆ. ಪಕ್ಕದಲ್ಲಿ ನೀರಿಡಿ, ಏನಾದರೂ ತಿಂದು ಕುಡಿಯಿರಿ, ಗಾಡಿ ಓಡಿಸಬೇಡಿ. ಕಾನೂನಿನ ವಯಸ್ಸಾಗದವರಿಗೆ, ಗರ್ಭಿಣಿಯರಿಗೆ, ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಇದು ಬೇಡ. ಅವರಿಗೆ 90 ಗ್ರಾಂ ತಿರುಳು, 25 ಮಿ.ಲೀ. ನಿಂಬೆ, 10 ಮಿ.ಲೀ. ಕಿತ್ತಳೆ ಸಿಪ್ಪೆಯ ಪಾಕ, ಚಿಟಿಕೆ ಉಪ್ಪು ಐಸ್ ಜೊತೆ ಕುಲುಕಿ, ಖಾರದುಪ್ಪಿನ ಗ್ಲಾಸಿಗೆ ಸುರಿದು 60 ಮಿ.ಲೀ. ಸೋಡಾ ಹಾಕಿ ಕೊಡಿ.

ಮಿಕ್ಕ ತಿರುಳಿಗೆ 100 ಗ್ರಾಂಗೆ ಒಂದು ಟೀ ಚಮಚದಂತೆ ನಿಂಬೆರಸ ಬೆರೆಸಿ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಗಾಳಿಯಾಡದ ಚೀಲಕ್ಕೆ ತುಂಬಿ ತಾರೀಕು ಬರೆದಿಡಿ. ಮೂರು ತಿಂಗಳವರೆಗೆ ಬಣ್ಣ, ಪರಿಮಳ ಚೆನ್ನಾಗಿರುತ್ತದೆ. ಸಾಮಾನ್ಯ ಟ್ರೇಯ ಒಂದು ಗುಳಿಗೆ ಸುಮಾರು 20 ಗ್ರಾಂ ಹಿಡಿಯುತ್ತದೆ, ಗ್ಲಾಸಿಗೆ ಮೂರು ತುಂಡಿನ ಲೆಕ್ಕ.